ಎರವಿನ ದನಿ

ಬಾಯಿ ತೆರೆದವಳು ಮಂದಾಕಿನಿ. ಕೇಳಿಸಿದ್ದು ಮಾತ್ರ ತೀರಿಹೋದ ಅವಳ ಅಕ್ಕ ಗಿರಿಜೆಯ ದನಿ.

"ಚಿನ್ನೂ, ಬಾರೋ ನನ್ನ ಬಂಗಾರ. ಹಸಿವಾಗಿಲ್ಲೇನು?"

ಹುಬ್ಬಳ್ಳಿಯ ಬಾಲಮಂದಿರದ ಮಂಚದ ಕೆಳಗೆ ಮುದುರಿ ಕೂತಿದ್ದ ನಾಲ್ಕು ವರ್ಷದ ಚಿನ್ಮಯ ತಲೆಯೆತ್ತಿದ. ತಂದೆತಾಯಿ ಕೂತಿದ್ದ ಬಸ್ಸು ಮಲಪ್ರಭೆಯ ಪ್ರವಾಹಕ್ಕೆ ಸಿಕ್ಕ ಮೇಲೆ ಅವನು ಯಾರ ಕೈತುತ್ತನ್ನೂ ನೆಮ್ಮದಿಯಿಂದ ಉಂಡಿರಲಿಲ್ಲ. ಈಗ ತೆವಳಿಕೊಂಡು ಹೊರಬಂದು, ಎಂದೂ ಕಂಡಿರದ ಚಿಕ್ಕಮ್ಮನ ಮಡಿಲೇರಿ ಮೊಸರನ್ನ ತಿಂದ. ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯೆಯೊಬ್ಬರು ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ, ಹತ್ತು ವರ್ಷದ ತುಂಗಾ ಮಾತ್ರ ಆ ದನಿ ಕೇಳುತ್ತಲೇ ಎರಡೂ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು.

ಮಂದಾಕಿನಿಯ ಕೊರಳಲ್ಲಿದ್ದದ್ದು ಬೆರಳಗಲದ ಒಂದು ಪಟ್ಟಿ. ಅದರ ಹೆಸರು 'ಸ್ವರಛಾಯೆ'. ಅದನ್ನು ಕಂಡುಹಿಡಿದ ಡಾ. ನಿಲೋಫರ್ ಸವಣೂರ ಅಂದು ಅಲ್ಲೇ ಇದ್ದರು.

ಪಟ್ಟಿ ಬಿಚ್ಚಿದ ಮೇಲೆ ಮಂದಾಕಿನಿ ಕೇಳಿದಳು: "ನನ್ನ ದನಿ ಎಲ್ಲಿ ಹೋಗಿತ್ರಿ ಡಾಕ್ಟರೇ?"

"ಎಲ್ಲೂ ಹೋಗೂದಿಲ್ರಿ. ಕೊರಳಿನ ಕಂಪನಾನ ಈ ಪಟ್ಟಿ ಚರ್ಮದ ಮ್ಯಾಲಿಂದನ ಓದ್ತದ. ಅದಕ್ಕ ತದ್ವಿರುದ್ಧ ಪ್ರತಿತರಂಗ ಬಿಟ್ಟು ನಿಮ್ಮ ದನಿ ಅಳಸ್ತದ. ಆ ಜಾಗಾದಾಗ ನಿಮ್ಮಕ್ಕನ ದನಿಯಚ್ಚು ಕೂಡಸ್ತದ."

ದನಿಯಚ್ಚೆಂದರೆ ಅಗಲಿದವರ ಹಳೆಯ ಫೋನ್ ಸಂದೇಶಗಳಿಂದ ತೆಗೆದ ಸ್ವರದ ಪಡಿಯಚ್ಚು. ಮಾತು ಪಟ್ಟಿ ಕಟ್ಟಿಕೊಂಡವರದು, ದನಿ ಹೋದವರದು. ಬಂಧುಗಳ ಮಕ್ಕಳನ್ನು ದತ್ತು ಪಡೆಯುವವರು ಪರೀಕ್ಷಾವಧಿಯ ಆರು ತಿಂಗಳು ಅದನ್ನು ಧರಿಸಬೇಕೆಂದು ಸರ್ಕಾರವೇ ನಿಯಮ ಮಾಡಿತ್ತು. ಅದು ಬಂದ ಮೇಲೆ ಮಕ್ಕಳು ಬೇಗ ಉಣ್ಣುತ್ತಿದ್ದರು, ಬೇಗ ನಿದ್ರಿಸುತ್ತಿದ್ದರು. ಒಗ್ಗದೆ ಬಾಲಮಂದಿರಕ್ಕೆ ಮರಳುವವರು ತೀರ ಕಡಿಮೆಯಾಗಿದ್ದರು.

"ಹುಡುಗರಿಗೆ ಮೋಸ ಮಾಡಿಧಂಗ ಆಗೂದಿಲ್ಲೇನ್ರಿ?"

"ಕಾಲು ಮುರಿದವರಿಗೆ ಊರುಗೋಲು ಕೊಟ್ರ ಅದಕ್ಕ ಮೋಸ ಅಂತೀರೇನು?" ಎಂದು ನಿಲೋಫರ್ ನಕ್ಕರು.

ಮಕ್ಕಳು ಗದಗಿಗೆ ಬಂದರು. ಮಂದಾಕಿನಿ ಅಲ್ಲಿ ಒಂದು ಖಾನಾವಳಿ ನಡೆಸುತ್ತಿದ್ದಳು. ಮದುವೆಯ ಗೊಡವೆಗೆ ಹೋದವಳಲ್ಲ. ಅಕ್ಕನೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ತಾಯಿ ತೀರಿಕೊಂಡ ದಿನ, ನೆರೆದವರೆಲ್ಲರ ಮುಂದೆ ಗಿರಿಜೆ, "ದವಾಖಾನಿಗೆ ತಡಾ ಮಾಡಿ ಒಯ್ದು ಅವ್ವನ್ನ ಕೊಂದವಳು ನೀನ" ಎಂದಿದ್ದಳು. ಆ ಮಾತು ಮಂದಾಕಿನಿಯ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು.

ಚಿನ್ಮಯ ಅವಳನ್ನು 'ಅವ್ವಾ' ಎಂದೇ ಕರೆದ. ಅವಳ ಸೆರಗು ಹಿಡಿದೇ ಮಲಗಿದ. ತುಂಗಾ ಮಾತ್ರ ಪಟ್ಟಿ ಕಂಡರೆ ಮಾಳಿಗೆ ಹತ್ತುತ್ತಿದ್ದಳು.

ಯಾರೂ ಎಣಿಸದ ಒಂದು ಸಂಗತಿ ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಮಕ್ಕಳು ಶಾಲೆಗೆ ಹೋದ ಮೇಲೂ ಮಂದಾಕಿನಿ ಪಟ್ಟಿ ಬಿಚ್ಚುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಒಬ್ಬಳೇ ಮಾತಾಡುತ್ತಿದ್ದಳು. "ಮಂದೀ, ಸಿಟ್ಟು ಬಿಡಬೇ," ಎಂದು ಅಕ್ಕನ ದನಿ ಅವಳನ್ನು ರಮಿಸುತ್ತಿತ್ತು. ಹೇಳುವವಳೂ ತಾನೇ, ಕೇಳುವವಳೂ ತಾನೇ ಎಂದು ಗೊತ್ತಿದ್ದೂ ಎದೆ ಹಗುರಾಗುತ್ತಿತ್ತು.

ಒಂದು ಶನಿವಾರ ತುಂಗಾ ಬೇಗ ಮನೆಗೆ ಬಂದಳು. ಒಳಗಿನಿಂದ ತಾಯಿಯ ದನಿ ಕೇಳಿಸಿತು: "ಮಂದೀ, ತಪ್ಪು ನಿಂದಲ್ಲ. ಅವ್ವ ಹೆಂಗೂ ಉಳೀತಿದ್ದಿಲ್ಲ."

"ನಮ್ಮವ್ವ ಹಂಗ ಅಂದಿಲ್ಲ," ಎಂದಳು ತುಂಗಾ ಹೊಸ್ತಿಲಲ್ಲಿ ನಿಂತು.

ಮಂದಾಕಿನಿಯ ಕೈಯ ಹಿಟ್ಟು ಕಲ್ಲಿನ ಮೇಲೇ ಉಳಿಯಿತು.

"ಅಕಿ ಏನೂ ಅಂದಿಲ್ಲ. ಪಂಚಮಿ ಬಂದಾಗೊಮ್ಮೆ ನಿಮ್ಮ ನಂಬರ್ ತಗದು, ಫೋನ್ ಹಿಡಕೊಂಡು ಸುಮ್ಮನ ಕುಂದರತಿದ್ಲು. ಹಚ್ಚತಿದ್ದಿಲ್ಲ. ಅಕಿ ಅಂದಿರದ ಮಾತು ಅಕಿ ದನೀಲೆ ಅನಬ್ಯಾಡ್ರಿ."

ಮಂದಾಕಿನಿ ಆ ಪಂಚಮಿಗಳನ್ನೆಲ್ಲ ನೆನೆದಳು. ತಾನೂ ಅಂದು ಉಂಡೆ ಕಟ್ಟುತ್ತ ಫೋನಿನ ಕಡೆ ನೋಡುತ್ತಿದ್ದದ್ದುಂಟು. ಇಬ್ಬರಲ್ಲಿ ಒಬ್ಬಳು ಸೋತಿದ್ದರೂ ಸಾಕಿತ್ತು. ಅವಳು ಪಟ್ಟಿ ಬಿಚ್ಚಿ, ತನ್ನ ಒಡಕು ದನಿಯಲ್ಲಿ, "ಇನ್ನ ಹಾಕ್ಕೊಳ್ಳೂದಿಲ್ಲವ್ವ," ಎಂದಳು.

ಸಂಜೆ ಚಿನ್ಮಯ ಮನೆಯೆಲ್ಲ ಹುಡುಕಿದ. "ನಮ್ಮವ್ವನ್ನ ಎಲ್ಲಿ ಬಚ್ಚಿಟ್ಟಿ?" ಎಂದು ಮಂದಾಕಿನಿಯನ್ನು ಗುದ್ದಿದ. ಅವ್ವ ಸತ್ತಳೆಂದು ಅವಳು ತನ್ನ ದನಿಯಲ್ಲೇ ಹೇಳಬೇಕಾಯಿತು. ಪ್ರವಾಹದ ಸುದ್ದಿ ಬಂದಾಗ ಅಳದಿದ್ದ ಮಗು ಈಗ ಅತ್ತಿತು.

ಸುದ್ದಿ ತಿಳಿದು ನಿಲೋಫರ್ ಧಾವಿಸಿ ಬಂದರು. "ದತ್ತಕದ ಆದೇಶ ಬರೂತನಕರೆ ಹಾಕ್ಕೊಳ್ರಿ. ಹುಡುಗ ಒಲ್ಲೆ ಅಂದ್ರ ಸಮಿತಿಯವರು ಬ್ಯಾರೆಯವರಿಗೆ ಕೊಟ್ಟಾರು."

"ಅವನ ದುಃಖಾನ ಎಷ್ಟು ದಿನ ಮುಂದ ಹಾಕೂಣ್ರಿ?" ಎಂದು ಮಂದಾಕಿನಿ ಪಟ್ಟಿಯನ್ನು ಅವರ ಕೈಗಿಟ್ಟಳು.

ವಿಚಾರಣೆಯ ದಿನ ಚಿನ್ಮಯ ಅವಳತ್ತ ಬೆನ್ನು ತಿರುಗಿಸಿ ಕೂತ. ಆಗ ಎದ್ದವಳು ತುಂಗಾ. "ಇವರು ನಮ್ಮ ಚಿಗವ್ವ. ಅವ್ವನ ಹಂಗ ಮಾತಾಡೂದು ಬಿಟ್ಟಾರ. ನಾವಿಬ್ಬರೂ ಇವರ ಕಡೇನ ಇರತೀವ್ರಿ." ಸಮಿತಿ ಪಟ್ಟಿಯ ನಿಯಮವನ್ನು ಬದಿಗಿಟ್ಟು ಕೆಲವು ತಿಂಗಳು ಕಾದು ನೋಡಿತು. ಅಷ್ಟರಲ್ಲಿ ಹುಡುಗ ನಿಧಾನಕ್ಕೆ ಒಗ್ಗಿದ, 'ಚಿಗವ್ವ' ಎನ್ನತೊಡಗಿದ. ಆದೇಶವೂ ಬಂತು. ಎಲ್ಲ ಸುಸೂತ್ರವಾಯಿತೆಂದೇ ಮಂದಾಕಿನಿ ತಿಳಿದಳು.

ಮೂರು ವರ್ಷಗಳ ಬಳಿಕ, ಗಿರಿಜೆಯ ಪುಣ್ಯತಿಥಿಯಂದು, ತುಂಗಾ ಅದುವರೆಗೆ ಯಾರಿಗೂ ತೋರಿಸದೆ ತನ್ನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ತಾಯಿಯ ಫೋಟೋ ತೆಗೆದು ಮಾಲೆ ಹಾಕಿದಳು. ಚಿನ್ಮಯ ಅದರಲ್ಲಿನ ಮುಖವನ್ನು ದಿಟ್ಟಿಸಿದ.

"ಇವರ್ಯಾರು?"

"ಅವ್ವ."

"ಅಲ್ಲ. ನಂಗ ಛಲೋ ನೆನಪೈತಿ. ಅವ್ವನ ಮಾರಿ ಚಿಗವ್ವನ ಮಾರಿಯಂಗ ಇತ್ತು. ದನಿ ಅಷ್ಟ ಬ್ಯಾರೆ."

ಮಂದಾಕಿನಿ ನಿಲೋಫರ್ ಅವರಿಗೆ ಫೋನು ಹಚ್ಚಿದಳು. ಹುಡುಗ ಅಂದದ್ದನ್ನು ಹೇಳಿದಳು. "ಎಳೇ ನೆನಪು ದನೀಗೆ ಅಂಟಿಕೊಂಡಿರತದ," ಎಂದರು ಅವರು. "ದನಿ ಎಲ್ಲಿಂದ ಬಂತೋ ಆ ಮಾರೀನ ತಾಯಿದು ಅಂದ್ಕೊಂಡಾನ. ನಾವು ಊಟ, ನಿದ್ದಿ ಅಷ್ಟ ಅಳೆದಿವಿ. ಇದನ್ನ ತಿದ್ದೂದು ನಂಗ ಗೊತ್ತಿಲ್ಲರೀ."

ಅಕ್ಕನಿಂದ ಕ್ಷಮೆ ಬೇಡಹೋದವಳು ಅಕ್ಕನ ಮುಖವನ್ನೇ ಅವಳ ಮಗನ ಮನಸ್ಸಿನಿಂದ ಅಳಿಸಿ ಕೂತಿದ್ದಳು. ಮಂದಾಕಿನಿ ಹುಡುಗನನ್ನು ಹತ್ತಿರ ಕೂರಿಸಿಕೊಂಡಳು.

"ಕೇಳಿಲ್ಲಿ ಚಿನ್ನೂ. ನಿಮ್ಮವ್ವ ನನಗಿಂತ ಕೆಂಪಗಿದ್ಲು. ನಕ್ಕರ ಎಡಗಲ್ಲದಾಗ ಕುಣಿ ಬೀಳತಿತ್ತು. ನೀ ಹುಟ್ಟಿದಾಗ..." ಎಂದು ಶುರುಮಾಡಿ, ಅಲ್ಲಿಗೇ ತಡೆದಳು. ಅವನು ಹುಟ್ಟಿದಾಗ ಅವಳು ನೋಡಲು ಹೋಗಿರಲಿಲ್ಲ. ತುಂಗಾ ಬಂದು ಪಕ್ಕ ಕೂತು ಮುಂದಿನದನ್ನು ಹೇಳಿದಳು.

ಬೇರೆ ಯಾರದೋ ತಾಯಿಯ ಕಥೆ ಕೇಳುವ ಹಾಗೆ ಚಿನ್ಮಯ ಜಾಣನಂತೆ ಹೂಂಗುಟ್ಟುತ್ತಿದ್ದ.