ಹನ್ನೊಂದು ಸೆಕೆಂಡು

"ಬ…" ಅಂದವನು ಅಲ್ಲೇ ನಿಂತುಬಿಟ್ಟ.

ಕನ್ನಡಕದ ಅಂಗಡಿಯ ಒಳಕೋಣೆ. ನನ್ನ ಮೂಗಿನ ಮೇಲೆ ಪರೀಕ್ಷೆಯ ಭಾರವಾದ ಫ್ರೇಮು, ಎದುರಿಗೆ ಅಕ್ಷರಗಳ ಫಲಕ. ಕಣ್ಣು ಪರೀಕ್ಷಿಸುತ್ತಿದ್ದ ಅವನ ತುಟಿಗಳೆರಡೂ ಮುಚ್ಚಿಕೊಂಡಿದ್ದವು. ತೊದಲುತ್ತಿರಲಿಲ್ಲ, ಶಬ್ದವೇ ಇರಲಿಲ್ಲ. ಮಾತು ಬಾಗಿಲ ತನಕ ಬಂದು ಚಿಲಕ ಸಿಗದೆ ತಡಕಾಡುತ್ತಿರುವಂಥ ಮೌನ. ನಾನು ಫಲಕ ಓದುತ್ತಾ ಕಾದೆ. ಆರನೆಯ ಸಾಲಿಗೆ ಬರುವಷ್ಟರಲ್ಲಿ ಅದು ಹೊರಬಂತು.

"ಬಲಗಣ್ಣು ಮುಚ್ಚಿ."

ಮುಚ್ಚಿದೆ. ಅವನು ಗಾಜು ಬದಲಿಸಿದ. "ಯಾವುದು ಚೆನ್ನಾಗಿದೆ? ಇದಾ… ಇದಾ?"

"ಎರಡೂ ಒಂದೇ ಥರ."

"ಸರಿಯಾಗಿ ನೋಡಿ. ಒಂದೇ ಥರ ಇರೋದಿಲ್ಲ."

"ಹೇಗೆ ನೋಡ್ಲಿ? ಫಲಕದ ಮುಂದೆ ನೀವೇ ನಿಂತಿದೀರಲ್ಲ."

ಅವನ ಕಿವಿ ಕೆಂಪಾಯಿತು. ಪಕ್ಕಕ್ಕೆ ಸರಿದ, ಆದರೆ ಪೂರ್ತಿ ಸರಿಯಲಿಲ್ಲ.

ವಾರದ ಮೇಲೆ ಕನ್ನಡಕ ಕೈಗಿಡುವಾಗ ಕೇಳಿದ: "ಎಲ್ಲರೂ ನನ್ನ ಮಾತು ಮುಗಿಸಿಕೊಡ್ತಾರೆ. ಅವತ್ತು ನೀವ್ಯಾಕೆ ಸುಮ್ಮನಿದ್ರಿ?"

"ಮಾತು ನಿಮ್ಮದು. ನಾನ್ಯಾಕೆ ಕೈ ಹಾಕಲಿ?"

ಆ ಒಂದು ಉತ್ತರಕ್ಕೇ ನಿನ್ನನ್ನು ಮದುವೆಯಾದೆ ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ.

ತಮಾಷೆಯೆಂದರೆ, ಬೇರೆಯವರ ಮಾತಿಗೆ ಕೈ ಹಾಕುವುದೇ ನನ್ನ ಕೆಲಸ. ಮೇಷ್ಟರುಗಳ ಪಾಠದ ವಿಡಿಯೋಗಳನ್ನು ಚೊಕ್ಕ ಮಾಡಿ ಕೊಡುತ್ತೇನೆ. ಕೆಮ್ಮು ತೆಗೆ, "ಅಂದ್ರೆ… ಅಂದ್ರೆ…" ತೆಗೆ, ಸುಮ್ಮನೆ ನಿಂತದ್ದನ್ನೆಲ್ಲ ತೆಗೆ. ಅದಕ್ಕೇ ಅವನು ನನಗಿಟ್ಟ ಹೆಸರು ಕತ್ತರಿ.

ಪ್ರತಿ ಬೆಳಿಗ್ಗೆ ಅವನು ಹೊಸ್ತಿಲಲ್ಲಿ ನಿಲ್ಲುತ್ತಿದ್ದ. 'ಹೋಗ್ತೀನಿ' ಅಂದರೆ ಅವನ ನಾಲಿಗೆಗೆ ಸಲೀಸು, ತೊಂದರೆಯೆಲ್ಲ ಮಾತಿನ ಮೊದಲಿಗೇ ಬರುವ 'ಬ'ದ್ದೇ. ಆದರೆ ಮನೆಯಿಂದ ಹೊರಡುವವನು ಹೋಗ್ತೀನಿ ಅನ್ನುತ್ತಾನೆಯೇ? ತುಟಿ ಮುಚ್ಚಿ, ಕಣ್ಣು ಮಾತ್ರ ನನ್ನ ಮೇಲಿಟ್ಟು, ಮೂರೋ ನಾಲ್ಕೋ ಸೆಕೆಂಡು ನಿಲ್ಲುತ್ತಿದ್ದ. ಪಾತ್ರೆ ತೊಳೆದ ಒದ್ದೆ ಕೈಯಲ್ಲಿ ನಾನು ಕಾಯುತ್ತಿದ್ದೆ.

"ಬರ್ತೀನಿ, ಕತ್ತರಿ."

"ಬಾ."

ಇಡೀ ದಿನದಲ್ಲಿ ನನಗೆ ಅತಿ ಇಷ್ಟದ ಸೆಕೆಂಡುಗಳು ಅವು. ಇಷ್ಟ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಅವನ ಅಪ್ಪನಿಗೂ ಹಾಗೇ ಮಾತು ಕಟ್ಟುತ್ತಿತ್ತಂತೆ. ಬೇರೆ ಊರಿಗೆ ಕೆಲಸಕ್ಕೆಂದು ಹೊರಟವರನ್ನು ಚಿಕ್ಕಪ್ಪ ರೈಲು ನಿಲ್ದಾಣದಲ್ಲಿ ಕ್ಯಾಮೆರಾದಲ್ಲಿ ಹಿಡಿದಿದ್ದರು. ಆಗ ಇವನಿಗೆ ಎಂಟು ವರ್ಷ, ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದನಂತೆ. "ರೈಲು ಸಿಳ್ಳೆ ಹಾಕ್ತಿತ್ತು. ಹೋಗ್ತೀನಿ ಅಂದುಬಿಟ್ಟಿದ್ರೆ ಮುಗೀತಿತ್ತು. ಆದ್ರೂ ಅಪ್ಪ ಆ ಮಾತಿಗೇ ನಿಂತ್ರು. ಹನ್ನೊಂದು ಸೆಕೆಂಡು. ನಾನು ಎಣಿಸಿದೀನಿ." ಅವರು ಬರಲಿಲ್ಲ. ತಿಂಗಳೊಳಗೆ ಆ ಊರಲ್ಲೇ ಎದೆನೋವು ಬಂದು ತೀರಿಕೊಂಡರು. ಅವರು ಮಾತಾಡುವ ವಿಡಿಯೋ ಅಂತ ಇರುವುದು ಅದೊಂದೇ. ಟೇಪಿಗೆ ಬೂಷ್ಟು ಹಿಡಿಯುವ ಮುಂಚೆ ಯಾರೋ ಫೈಲು ಮಾಡಿಕೊಟ್ಟಿದ್ದರು. ಅದು ನಮ್ಮ ಹಾರ್ಡ್ ಡಿಸ್ಕಿನಲ್ಲಿ, ನಮ್ಮ ಮದುವೆ, ಪ್ರವಾಸ, ಅಡುಗೆಮನೆಯ ಜಗಳಗಳ ಜೊತೆಗಿತ್ತು.

ಡಿಸ್ಕು ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಕೂತು, ಜಾಗ ಉಳಿಸಲು ವಿಡಿಯೋಗಳನ್ನೆಲ್ಲ ಯಾವ ಫಾರ್ಮ್ಯಾಟಿಗೆ ಇಳಿಸುವುದೆಂದು ಪಂಚಾಯಿತಿ ಶುರು ಮಾಡಿದೆವು.

"ಹೊಸ ಫಾರ್ಮ್ಯಾಟ್ ಆದ್ರೆ ಅರ್ಧ ಜಾಗ ಸಾಕು," ಅಂದೆ. "ಎಚ್ 265."

"ಅಮ್ಮನ ಟೀವಿ ಅದನ್ನ ಓದುತ್ತಾ?"

"ನಿಮ್ಮಮ್ಮನ ಟೀವಿ ಅವರಿಗಿಂತ ಹಟಮಾರಿ. ಓದಲ್ಲ."

"ಹಾಗಾದ್ರೆ ಹಳೇದೇ ಇರಲಿ. 264. ಅತ್ತೆನ ಎದುರು ಹಾಕ್ಕೊಂಡು ನೀನು ಬಾಳ್ತೀಯಾ?"

ಹಳೆಯದಕ್ಕೆ ಜಾಗ ಹೆಚ್ಚು ಬೇಕು. ಹಾಗಾಗಿ ಗುಣಮಟ್ಟವನ್ನು ಎಲ್ಲಿಯ ತನಕ ಇಳಿಸಬಹುದೆಂದು ನೋಡಬೇಕಿತ್ತು. ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ಇಳಿಸಿ, ಶಬ್ದ ಮುಚ್ಚಿ, ಅವನ ಮುಂದಿಟ್ಟೆ. ಅವನ ಕನ್ನಡಕ ಕಿತ್ತು ನಾನೇ ಒರೆಸಿ ಹಾಕಿದೆ.

"ಹೇಳಿ ಸಾರ್. ಯಾವುದು ಚೆನ್ನಾಗಿದೆ? ಇದಾ… ಇದಾ?"

"ಮೊದಲನೇದು. ಎರಡನೇದರಲ್ಲಿ ನಿನ್ನ ಕೆನ್ನೆ ಮಚ್ಚೆ ಮಸುಕಾಗಿದೆ."

"ಇದಾ, ಇದಾ?"

"ಇದು. ಅದರಲ್ಲಿ ನಿನ್ನ ಕೂದಲು ಹುಲ್ಲಿನ ಥರ ಕಾಣ್ತಿದೆ."

"ನೀನು ನೋಡ್ತಿರೋದು ವಿಡಿಯೋನಾ, ನನ್ನನ್ನಾ?"

"ಫಲಕದ ಮುಂದೆ ನೀನೇ ನಿಂತಿದೀಯಲ್ಲ," ಅಂದ.

ಗುಣಮಟ್ಟದ ಮೂರು ಸಂಖ್ಯೆಗಳನ್ನು ಪರೀಕ್ಷಿಸಿ, ನನ್ನ ಮಚ್ಚೆ ಉಳಿಯುವ ಒಂದನ್ನು ಆರಿಸಿದೆವು. ಚಿತ್ರ ಮಸುಕಾಗಬಾರದು, ಅಷ್ಟೇ ನಮ್ಮ ಕಾಳಜಿ. ನಾವು ಒಮ್ಮೆಯೂ ಶಬ್ದ ಹಾಕಿ ನೋಡಲಿಲ್ಲ.

ಆಫೀಸಿನ ಪಾಠಗಳಿಗೆಂದು ನಾನೇ ಮಾಡಿಟ್ಟ ಒಂದು ಸೆಟ್ಟಿಂಗು ಆಗಲೇ 264ರಲ್ಲಿತ್ತು. ಅದನ್ನೇ ತೆಗೆದು ಗುಣಮಟ್ಟದ ಸಂಖ್ಯೆಯೊಂದನ್ನು ಬದಲಿಸಿ, ಇಡೀ ಡಿಸ್ಕಿಗೆ ಹಾಕಿದೆ. ನಾಲ್ಕು ದಿನ ಓಡಿತು. ಎಣಿಸಿದ್ದಕ್ಕಿಂತಲೂ ಕಡಿಮೆ ಜಾಗ ಹಿಡಿದಾಗ ಹಿಗ್ಗಿ, ಹಳೆಯ ಫೈಲುಗಳನ್ನು ಅಳಿಸಿ, ಖಾಲಿಯಾದ ಜಾಗಕ್ಕೆ ಎಲ್ಲದರ ಇನ್ನೊಂದು ಪ್ರತಿ ತುಂಬಿದೆ.

ಆ ಸೆಟ್ಟಿಂಗಿನೊಳಗೆ ಇನ್ನೊಂದು ಟಿಕ್ ಇತ್ತು. ಮಾತು ಒಂದು ಸೆಕೆಂಡಿಗಿಂತ ಹೆಚ್ಚು ನಿಂತರೆ, ಹಿಂದೆ ಗದ್ದಲವಿದ್ದರೂ, ಅಷ್ಟನ್ನು ಕತ್ತರಿಸು.

ಮುಂದಿನ ಭಾನುವಾರ ಅತ್ತೆಯ ಮನೆಯಲ್ಲಿ ಪೆನ್‌ಡ್ರೈವ್ ಚುಚ್ಚಿದೆ. ಮೂವರೂ ಸೋಫಾದಲ್ಲಿ. ಮೊದಲು ನಮ್ಮ ಪ್ರವಾಸದ ವಿಡಿಯೋ. ಅವನು ಬೆಟ್ಟದ ಮೇಲೆ ನಿಂತು ಕ್ಯಾಮೆರಾಗೆ ಏನೋ ವಿವರಿಸುತ್ತಿದ್ದ, ನೀರು ಹರಿದ ಹಾಗೆ. ನಾನು ಅವನ ತೊಡೆಗೆ ತಟ್ಟಿದೆ.

"ನೋಡೋ, ಎಷ್ಟು ಚೆನ್ನಾಗಿ ಮಾತಾಡಿದೀಯ ಇದರಲ್ಲಿ!"

ಅವನು ಟೀವಿ ಬಿಟ್ಟು ನನ್ನ ಮುಖದತ್ತ ತಿರುಗಿದ.

"ಅವರದ್ದು ಹಾಕಮ್ಮ," ಅಂದರು ಅತ್ತೆ.

ನಿಲ್ದಾಣ. ಕೈಯಲ್ಲಿ ಚೀಲ ಹಿಡಿದ ತೆಳ್ಳನೆಯ ಮನುಷ್ಯ. ಕ್ಯಾಮೆರಾದ ಕಡೆ ಬಗ್ಗಿ, ಥಟ್ಟನೆ, "ಬರ್ತೀನಿ ಕಣೋ" ಅಂದು ರೈಲು ಹತ್ತಿಬಿಟ್ಟರು.

ಮುಗಿಯಿತು. ಅತ್ತೆ ಟೀವಿಯನ್ನೇ ನೋಡುತ್ತಿದ್ದರು.

"ಯಾರೇ ಇವರು?" ಎಂದು ಮೆಲ್ಲಗೆ ಕೇಳಿದರು.

ಅಳಿಸಿದ್ದನ್ನು ಮರಳಿ ತೆಗೆಯುವ ಒಬ್ಬ ಮೆಕ್ಯಾನಿಕ್ಕಿನ ಬಳಿ ಡಿಸ್ಕು ಒಯ್ದೆ. ಎರಡು ದಿನ ಇಟ್ಟುಕೊಂಡು ಹಿಂತಿರುಗಿಸಿದ. "ಅದರ ಮೇಲೆ ನೀವೇ ಬೇರೆ ಬರೆದಿದೀರಲ್ಲ ಮೇಡಂ. ಇಲ್ಲ ಅಂದ್ರೆ ಇಲ್ಲ."

ಮತ್ತೆ ನನ್ನ ಕಸುಬಿಗೇ ಮೊರೆಹೋದೆ. ಉಳಿದಿದ್ದ ವಿಡಿಯೋದಲ್ಲಿ ಮಾವನವರ ತುಟಿ ಮುಚ್ಚಿದ ಒಂದು ಚಿತ್ರ ಸಿಕ್ಕಿತು. ಅದನ್ನು ಹನ್ನೊಂದು ಸೆಕೆಂಡಿಗೆ ಎಳೆದು ನಿಲ್ಲಿಸಿ, ಹಿಂದೆ ನಿಲ್ದಾಣದ ಗದ್ದಲ ಸೇರಿಸಿದೆ. ಅವನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಕೂರಿಸಿ ತೋರಿಸಿದೆ. ಅವನು ಪೂರ್ತಿ ನೋಡಿದ.

"ಆಗ ಅಪ್ಪನ ಕಣ್ಣು ಸುಮ್ಮನಿರಲಿಲ್ಲ," ಅಂದ. "ಹೆದರಬೇಡ, ಮಾತು ಬರುತ್ತೆ ಅಂತ ನನ್ನನ್ನೇ ನೋಡ್ತಿದ್ರು. ಚೀಲದ ಮೇಲೆ ಬೆರಳು ಬಡೀತಿದ್ರು. ಇದರಲ್ಲಿ… ನಿಂತಿದಾರೆ, ಅಷ್ಟೇ."

"ನಾನು ಬೇಕಂತ ಮಾಡಿಲ್ಲ."

"ಗೊತ್ತು ಕತ್ತರಿ. ಅದಕ್ಕಲ್ಲ."

"ಮತ್ತೆ?"

ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಾನು ಕಾದೆ.

"ಅವತ್ತು ಟೀವಿ ಮುಂದೆ ನಿನ್ನ ಮುಖ ನೋಡಿದೆ. ಅಷ್ಟು ಖುಷಿ ನಿನ್ನ ಮುಖದಲ್ಲಿ ಯಾವತ್ತೂ ಕಂಡಿರಲಿಲ್ಲ. ನೀನು ಕಾಯ್ತಾ ಇದ್ದಿದ್ದು ನನಗೋಸ್ಕರ ಅಂದ್ಕೊಂಡಿದ್ದೆ. ಅಲ್ಲ, ಅವನಿಗೋಸ್ಕರ… ಬೆಟ್ಟದ ಮೇಲೆ ತಡೆಯಿಲ್ಲದೆ ಮಾತಾಡ್ತಿದ್ದನಲ್ಲ, ಅವನಿಗೋಸ್ಕರ."

"ಹಾಗಲ್ಲ," ಅಂದೆ. "ನನಗೆ ಇಷ್ಟವಾದದ್ದೇ ನಿನ್ನ ಆ…"

ಹೇಳಿ ಮುಗಿಸಿದರೂ ಅದು ಸಮಾಧಾನದ ಮಾತಿನಂತೆಯೇ ಕೇಳಿಸಿತು. ಎರಡು ವರ್ಷ ಪ್ರತಿ ಬೆಳಿಗ್ಗೆ ಹೇಳಬಹುದಾಗಿದ್ದದ್ದನ್ನು ತಪ್ಪು ಮಾಡಿದ ಮೇಲೆ ಹೇಳಿದರೆ ಯಾರು ನಂಬುತ್ತಾರೆ? ಅವನು ನನ್ನ ಕೈ ಹಿಡಿದು, ಒಮ್ಮೆ ಅದುಮಿ ಬಿಟ್ಟ. ಕಣ್ಣು ಪರೀಕ್ಷೆ ಮುಗಿದ ಮೇಲೆ ಮುದುಕರ ಕೈಯನ್ನು ಅವನು ಹಾಗೆ ಅದುಮುತ್ತಿದ್ದುದನ್ನು ನೋಡಿದ್ದೇನೆ.

ಆಮೇಲೆ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಅವನ ಮಾತು ಅಲ್ಲಲ್ಲಿ ಕಟ್ಟುತ್ತಿತ್ತು, ನಾನು ಕಾಯುತ್ತಿದ್ದೆ. ಬದಲಿಗೆ ಅವನು ನನ್ನೊಡನೆ ಸಲೀಸಾದ ಪದಗಳನ್ನೇ ಆರಿಸತೊಡಗಿದ. ಬೆಳಗಿನ ಹೊತ್ತು ಕೈ ಬೀಸಿ ಹೊರಡುತ್ತಿದ್ದ. ಎರಡು ತಿಂಗಳಾದ ಮೇಲೆ, ಅವನ ಅಕ್ಕನ ಊರಿನ ಕನ್ನಡಕದ ಅಂಗಡಿಯೊಂದಕ್ಕೆ ಜನ ಬೇಕಂತೆ ಎಂಬ ಸುದ್ದಿ ನಮ್ಮ ಮನೆಗೆ ಬಂತು.

"ಸ್ವಲ್ಪ ದಿನಕ್ಕಾ?" ಎಂದು ಕೇಳಿದೆ.

ಅವನು ಅಂಗಿ ಮಡಚುತ್ತಲೇ ಇದ್ದ.

ಸೋಮವಾರ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತ, ಕೈಯಲ್ಲಿ ಸೂಟ್‌ಕೇಸು. ನಾನು ನಲ್ಲಿ ನಿಲ್ಲಿಸಿ ಒದ್ದೆ ಕೈಯಲ್ಲೇ ಬಂದೆ. ಅವನು ನನ್ನ ಕನ್ನಡಕ ತೆಗೆದು ತನ್ನ ಅಂಗಿಯ ತುದಿಯಿಂದ ಒರೆಸಿ, ಕಿವಿಗೆ ನೋವಾಗದ ಹಾಗೆ ಮತ್ತೆ ಹಾಕಿದ.

ಅವನ ತುಟಿಗಳು ಮುಚ್ಚಿಕೊಂಡವು.

ನಾನು ಎಣಿಸತೊಡಗಿದೆ. ಒಂದು. ಎರಡು. ಕಣ್ಣು ನನ್ನ ಮೇಲೇ ಇತ್ತು, ಸುಮ್ಮನಿರಲಿಲ್ಲ. ಐದು. ಆರು. ಸೂಟ್‌ಕೇಸಿನ ಹಿಡಿಯ ಮೇಲೆ ಬೆರಳು ಬಡಿಯುತ್ತಿತ್ತು. ನಿಲ್ಲು, ಅವಸರವಿಲ್ಲ, ಸಂಜೆಯವರೆಗೂ ನಿಲ್ಲು, ಎಂದುಕೊಂಡೆ. ಒಂಬತ್ತು.

ತುಟಿಗಳು ಸಡಿಲಾದವು.

"ಹೋಗ್ತೀನಿ," ಅಂದ.

ಮಾತು ಒಂದಿಷ್ಟೂ ತಡೆಯಲಿಲ್ಲ.

ರೂಢಿಯಂತೆ 'ಬಾ' ಅನ್ನಲು ಹೋದೆ. ನನ್ನ ತುಟಿಗಳು ಮುಚ್ಚಿಕೊಂಡವು, ಮತ್ತೆ ತೆರೆಯಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತು ಕಾದ. ಬಹಳ ಹೊತ್ತು ಕಾದ. ನನ್ನ ಮಾತನ್ನು ಅವನೂ ಮುಗಿಸಿಕೊಡಲಿಲ್ಲ.