ಹಲ್ಲು ಸೆಟ್ಟಿನ ಕುಶಲಗಾರ್ತಿ

“ಇದನ್ನ ಮುಟ್ಟಿದ್ದು ಯಾರು?”

ನೆಲ ಒರೆಸುತ್ತಿದ್ದವಳ ಕೈ ಹಾಗೇ ನಿಂತಿತು.

ಅದು ಹಲ್ಲು ಸೆಟ್ ತಯಾರಿಸುವ ವರ್ಕ್‌ಶಾಪ್. ಎಲ್ಲರೂ ಮೇಷ್ಟ್ರು ಎಂದು ಕರೆಯುವ ಅಲ್ಲಿನ ಮುಖ್ಯ ಕೆಲಸಗಾರ, ಮೇಣದಲ್ಲಿ ಕೂರಿಸಿದ್ದ ಹಲ್ಲಿನ ಸಾಲನ್ನು ಬೆಳಕಿಗೆ ಹಿಡಿದಿದ್ದ.

“ನಾನೇ ಸರ್... ಒಂದು ಹಲ್ಲು ಒಳಗೆ ವಾಲಿತ್ತು. ಹಾಕ್ಕೊಂಡೋರ ನಾಲಿಗೆಗೆ ತಾಗ್ತಿತ್ತು, ಸರಿ ಮಾಡ್ದೆ.”

ಮುಗೀತು, ಈ ಕೆಲಸದ ಋಣ ತೀರಿತು ಎಂದುಕೊಂಡಳು.

ಅವನು ಬೈಯಲಿಲ್ಲ. “ಎಲ್ಲಿ ಕಲಿತ್ರಿ?” ಎಂದ.

“ನಮ್ಮೂರಲ್ಲಿ. ಹನ್ನೊಂದು ವರ್ಷ ಇದೇ ಕೆಲಸ. ಯುದ್ಧ ಬಂತು... ಅಮ್ಮನ ಕೈ ಹಿಡ್ಕೊಂಡು ಗಡಿ ದಾಟಿದೆ. ಇಲ್ಲಿ ನನ್ನ ಸರ್ಟಿಫಿಕೇಟ್ ನಡೆಯಲ್ಲ ಅಂದ್ರು.”

“ಅದನ್ನ ಒಂದೆರಡು ದಿನ ನನಗೆ ಕೊಡ್ತೀರಾ?”

ಯಾಕೆಂದು ಕೇಳದೆ ಕೊಟ್ಟಳು.

ಅಂದಿನಿಂದ ಊಟದ ವಿರಾಮದಲ್ಲಿ ಅವನು ಯಾವುದಾದರೊಂದು ಅಚ್ಚು ತಂದು ಅವಳ ಮುಂದಿಟ್ಟು, “ನೀವಾದ್ರೆ ಏನ್ ಮಾಡ್ತಿದ್ರಿ?” ಎನ್ನುತ್ತಿದ್ದ. ಅವಳು ಹೇಳಿದ್ದನ್ನು ಕೊನೆಯವರೆಗೂ ಕೇಳುತ್ತಿದ್ದ.

ಎಲ್ಲರೂ ನನ್ನ ನಿರಾಶ್ರಿತೆ ಅಂತ ನೋಡ್ತಾರೆ. ಇವರು ಮಾತ್ರ...

ಅವಳ ಮನಸ್ಸು ಸದ್ದಿಲ್ಲದೆ ಸೋತಿತ್ತು.

ಆದರೆ ಒಂದು ಮಧ್ಯಾಹ್ನ ವರ್ಕ್‌ಶಾಪಿನ ಯಜಮಾನಿಯ ಕೋಣೆಯಿಂದ ಅವನ ದನಿ ಕೇಳಿತು.

“ನಾಳೆಯಿಂದ ಅವರು ಕ್ಲೀನಿಂಗ್‌ಗೆ ಬೇಡ ಮೇಡಂ.”

ಮುಂದಿನ ಮಾತಿಗೆ ಅವಳು ನಿಲ್ಲಲಿಲ್ಲ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಮನೆಗೆ ಬಂದುಬಿಟ್ಟಳು.

“ಕಣ್ಣು ಯಾಕೇ ಕೆಂಪಾಗಿದೆ?” ಅಮ್ಮ ಕೇಳಿದಳು.

“ಈರುಳ್ಳಿ ಹೆಚ್ತಿದ್ದೆ.”

“ಮನೇಲಿ ಈರುಳ್ಳಿನೇ ಇಲ್ವಲ್ಲೇ...”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೂರು ಮಹಡಿ ಹತ್ತಿ ಬಂದಿದ್ದ ಮೇಷ್ಟ್ರು ಏದುಸಿರು ಬಿಡುತ್ತಿದ್ದ.

“ಹೇಳದೆ ಬಂದುಬಿಟ್ರಲ್ಲ?”

“ಕೆಲಸದಿಂದ ತೆಗೆಸಿದೋರಿಗೆ ಹೇಳಿ ಬರಬೇಕಿತ್ತಾ ಸರ್?”

ಅವನು ಪೆಚ್ಚಾದ. “ಅಯ್ಯೋ, ಅರ್ಧ ಕೇಳಿಸ್ಕೊಂಡು ಬಂದಿದ್ದೀರಿ. ಕ್ಲೀನಿಂಗ್‌ಗೆ ಬೇಡ, ನನ್ನ ಪಕ್ಕದ ಮೇಜು ಅವರಿಗೆ ಕೊಡಿ ಅಂದೆ. ಯಜಮಾನಿ ಒಪ್ಪಿದ್ದಾರೆ. ಸರ್ಟಿಫಿಕೇಟ್ ಅನುವಾದ ಮಾಡಿಸಿ ಇಲ್ಲಿನ ಮಂಡಳಿಗೆ ಕಳಿಸಿದ್ದೆ... ಲೈಸೆನ್ಸ್ ಪರೀಕ್ಷೆಗೆ ಕೂರೋಕೆ ನಿಮಗೆ ಅನುಮತಿ ಬಂದಿದೆ.”

ಅವನು ಚಾಚಿದ ಪತ್ರವನ್ನು ಅವಳು ಎರಡು ಸಲ ಓದಿದಳು. ಅಕ್ಷರಗಳೆಲ್ಲ ಮಂಜಾದವು.

“ಇದು ಕೆಲಸದ ಮಾತು,” ಎಂದು ಅವನು ತಡವರಿಸಿದ. “ಇನ್ನೊಂದು ಮಾತಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಇಲ್ಲ ಅಂದ್ರೂ ಆ ಮೇಜು ನಿಮ್ಮದೇ. ನೀವಂದ್ರೆ... ನನಗೆ ತುಂಬಾ ಇಷ್ಟ.”

ಅವಳು ತಲೆ ತಗ್ಗಿಸಿದಳು. “ಉಪಕಾರಕ್ಕೆ ಅಂತ ಹೂಂ ಅನ್ನೋಳಲ್ಲ ನಾನು.”

“ಗೊತ್ತು.”

“ಮನಸ್ಸಿಂದಲೇ ಹೇಳ್ತಿದ್ದೀನಿ... ಹೂಂ. ಆದ್ರೆ ಅಮ್ಮನ್ನ ಕೇಳ್ಬೇಕು. ಅವಳಿಗೆ ನಮ್ಮ ಭಾಷೆ ಬಿಟ್ರೆ ಬೇರೆ ಬರಲ್ಲ.”

“ನಿಮ್ಮ ಭಾಷೇಲಿ ಒಂದು ಮಾತು ಕಲಿತಿದ್ದೀನಿ,” ಎಂದು ಅವನು ಅದನ್ನು ಮೆಲ್ಲಗೆ ಉಸುರಿದ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ನಮಸ್ಕಾರ ಅಂತ ಹೇಳೋಕೆ ಹೋಗಿ ‘ಕುಂಬಳಕಾಯಿ’ ಅಂದ್ರಿ. ಅಮ್ಮ ನಕ್ಕುಬಿಡ್ತಾಳೆ.”

“ಬೇಜಾರು ಮಾಡ್ಕೋತಾರಾ?”

“ಇಲ್ಲ... ಅವಳು ನಕ್ಕು ಎರಡು ವರ್ಷ ಆಯ್ತು.”

ಅವನು ಚಪ್ಪಲಿ ಕಳಚಿದ. “ಹಾಗಾದ್ರೆ ತಪ್ಪಾಗೇ ಹೇಳ್ತೀನಿ, ಬಾ.”