ಟೀಪಾಟಿನೊಳಗೆ ಕಲ್ಲುಸಕ್ಕರೆ

ಕಪಾಟಿನ ಬೀಗ ನೆಟ್ಟಗಿತ್ತು. ಮೈಕು, ವೈರು, ಬ್ಯಾನರು ಎಲ್ಲ ಇದ್ದವು. ಬೆಳ್ಳಿ ಟೀಪಾಟ್ ಮಾತ್ರ ಇರಲಿಲ್ಲ.

ಜರ್ಮನಿಯ ಕಲೋನ್‌ನ ಬ್ರಿಟಿಷ್ ಟೀವಿ ಅಭಿಮಾನಿಗಳ ಕ್ಲಬ್ಬಿಗೆ ಆ ಟೀಪಾಟೇ ಪ್ರಾಣ. ಪ್ರತಿವರ್ಷ ಸದಸ್ಯರು ವೋಟು ಹಾಕಿ ಅತ್ಯುತ್ತಮ ಬ್ರಿಟಿಷ್ ಧಾರಾವಾಹಿಯನ್ನು ಆರಿಸುತ್ತಾರೆ. ಪಾಟಿನ ಮೇಲೆ ಗೆದ್ದವರ ಹೆಸರು ಕೆತ್ತುತ್ತಾರೆ. ಪಾಟ್ ಮತ್ತೆ ಕಪಾಟು ಸೇರುತ್ತದೆ. ಇಷ್ಟು ವರ್ಷ ಗೆದ್ದವರಿಂದ ಬರುತ್ತಿದ್ದದ್ದು ಬರೀ ಥ್ಯಾಂಕ್ಸ್ ಇಮೇಲು. ಈ ಸಲ ಗೆದ್ದ ಧಾರಾವಾಹಿಯ ನಿರ್ಮಾಪಕಿಯೇ ಇಂಗ್ಲೆಂಡಿನ ಲೀಡ್ಸ್‌ನಿಂದ ಹೊರಟಿದ್ದಳು. ಸಂಜೆ ಸಮಾರಂಭ.

"ಬೀಗದಕೈ ಇರುವುದು ಎರಡೇ," ಎಂದರು ಅಧ್ಯಕ್ಷ ಕ್ರ್ಯೂಗರ್, ಜರ್ಮನ್‌ನಲ್ಲಿ. "ಒಂದು ನನ್ನ ಜೇಬಿನಲ್ಲಿದೆ. ಇನ್ನೊಂದು ಲಾವಣ್ಯಾಳ ಹತ್ತಿರ. ಪೊಲೀಸರಿಗೆ ಹೇಳದೆ ಬೇರೆ ದಾರಿಯಿಲ್ಲ."

ಲಾವಣ್ಯಾ ಎಂಎಸ್ಸಿ ಓದುತ್ತಿದ್ದ ಮೈಸೂರಿನ ಹುಡುಗಿ. ಅವಳು ಅಳುತ್ತ ಡಾಕ್ಟರ್ ವೈದೇಹಿಯ ತೋಳು ಹಿಡಿದುಕೊಂಡಳು.

"ಆಂಟಿ, ನೆಕ್ಸ್ಟ್ ವೀಕ್ ನನ್ನ ವೀಸಾ ಅಪಾಯಿಂಟ್ಮೆಂಟ್ ಇದೆ. ಈಗ ಪೊಲೀಸ್ ಕಂಪ್ಲೇಂಟ್ ಅಂದ್ರೆ ನನ್ನ ಕಥೆ ಮುಗೀತು."

"ಅಳಬೇಡ. ಮೊದ್ಲು ಮೂಗು ಒರೆಸ್ಕೊ," ಎಂದರು ವೈದೇಹಿ.

ವೈದೇಹಿ ನಿವೃತ್ತ ಪೆಥಾಲಜಿಸ್ಟ್. ಬದುಕಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು. ಪತ್ತೇದಾರಿ ಧಾರಾವಾಹಿ ಅರ್ಧ ಮುಗಿಯುವ ಮೊದಲೇ ಕೊಲೆಗಾರ ಯಾರೆಂದು ಹೇಳಿಬಿಡುತ್ತಾರೆ. ಆ ಚಾಳಿ ತಾಳಲಾರದೆ ಗಂಡ ಪಕ್ಕದ ಕೋಣೆಯಲ್ಲಿ ಫುಟ್ಬಾಲ್ ನೋಡುತ್ತಾರೆ, ಪಾಪ.

ಅಷ್ಟರಲ್ಲಿ ಹರಿಪ್ರಸಾದ ಬಂದ. ಐಟಿ ಎಂಜಿನಿಯರ್. ಕ್ಲಬ್ಬಿನಲ್ಲಿ ಕುರ್ಚಿ ಹಾಕುವುದು, ಮೈಕು ಕೂರಿಸುವುದು ಎಲ್ಲ ಅವನದೇ. ವೈದೇಹಿಯ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟ.

"ನಿಮ್ಮ ಚಕ್ಕುಲಿ ಡಬ್ಬಿ, ಡಾಕ್ಟ್ರೇ. ಅಮ್ಮ ಕೊಟ್ಟು ಬಾ ಅಂದ್ರು."

ಅವನ ತಾಯಿ ಮುನಿಲಕ್ಷ್ಮಮ್ಮ ಕೋಲಾರದಿಂದ ಬಂದು ವಾರವಾಗಿತ್ತು. ಡಬ್ಬಿ ಕಟಕಟ ಎಂದಿತು. ವೈದೇಹಿ ಅದನ್ನು ತೆರೆಯದೆ ಚೀಲಕ್ಕೆ ಸೇರಿಸಿದರು.

* * *

ಊಟದ ಹೊತ್ತಿಗೆ ಟೀಪಾಟ್ ಸಿಕ್ಕಿತು. ಸಭಾಂಗಣದ ಹಿಂಬಾಗಿಲ ಹಿಡಿಕೆಗೆ ಬಟ್ಟೆ ಚೀಲವೊಂದನ್ನು ಯಾರೋ ನೇತುಹಾಕಿದ್ದರು. ಪಾಟ್ ಅದರೊಳಗಿತ್ತು.

"ಹೆದರಿ ತಂದಿಟ್ಟಿದ್ದಾಳೆ," ಎಂದರು ಕ್ರ್ಯೂಗರ್. "ವಾಪಸ್ಸು ಬಂದರೂ ಕಳ್ಳತನ ಕಳ್ಳತನವೇ. ಸಮಾರಂಭ ಮುಗಿದ ಮೇಲೆ ದೂರು ಕೊಡುತ್ತೇನೆ."

"ಅಲ್ಲಿಯವರೆಗೆ ನನಗೆ ಬಿಡಿ," ಎಂದರು ವೈದೇಹಿ.

ಪಾಟ್ ಎತ್ತಿದರು. ಒಳಗೇನೋ ಕಟಕಟ ಎಂದಿತು. ಮುಚ್ಚಳ ತೆಗೆದರೆ ತಳದಲ್ಲಿ ಕಂದು ಬಣ್ಣದ ಕಲ್ಲುಸಕ್ಕರೆಯ ಎರಡು ಹರಳು.

ಕ್ರ್ಯೂಗರ್ ಬಗ್ಗಿ ನೋಡಿದರು. "ಕಾಂಡಿಸ್! ಇಲ್ಲಿ ಚಹಾಕ್ಕೆ ಇದನ್ನು ಹಾಕಿಕೊಳ್ಳುವವರು ಒಬ್ಬರೇ. ಯಾನ್ಸೆನ್."

ಫ್ರೌ ಯಾನ್ಸೆನ್ ಜರ್ಮನಿಯ ಉತ್ತರ ಕರಾವಳಿಯ ಕಡೆಯ ಅಜ್ಜಿ. ಚಹಾದ ವಿಷಯದಲ್ಲಿ ಮಹಾ ಮಡಿವಂತೆ. ಮೇಜಿನ ಮೇಲೆ ಬಟ್ಟಲು ಜೋಡಿಸುತ್ತಿದ್ದವಳು, ಪಾಟಿಗೆ ಇದನ್ನು ಹಾಕಿದಿರಾ ಎಂದು ವೈದೇಹಿ ಕೇಳಿದ್ದೇ ತಡ ಕೆರಳಿಬಿಟ್ಟಳು.

"ಪಾಟಿಗೆ ಸಕ್ಕರೆಯೇ? ಮೊದಲು ಬಟ್ಟಲಿಗೆ ಕಾಂಡಿಸ್, ಅದರ ಮೇಲೆ ಬಿಸಿ ಚಹಾ. ಪಾಟಿಗೆ ಹಾಕಿದವರನ್ನು ನನ್ನಜ್ಜಿ ಮನೆಯೊಳಗೇ ಸೇರಿಸುತ್ತಿರಲಿಲ್ಲ."

ವೈದೇಹಿ ತಲೆದೂಗಿದರು. ಈ ಸಕ್ಕರೆ ಚಹಾಕ್ಕಲ್ಲ. ಮತ್ತೆ ಯಾತಕ್ಕೆ? ಬೆಳಿಗ್ಗೆ ಡಬ್ಬಿಯೂ ಕಟಕಟ ಎಂದದ್ದು ನೆನಪಾಯಿತು. ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಅದೇ ಕಂದು ಹರಳು. ಅವರಿಗೆ ಮೊದಲು ನಗು ಬಂತು. ಹಿಂದೆಯೇ ಬೇಜಾರೂ ಆಯಿತು.

"ಲಾವಣ್ಯಾ, ಕೀ ಯಾರಿಗಾದ್ರೂ ಕೊಟ್ಟಿದ್ಯಾ?"

"ಮೊನ್ನೆ ಹರಿ ಅಂಕಲ್‌ಗೆ ಕೊಟ್ಟಿದ್ದೆ, ಮೈಕ್ ಟೆಸ್ಟ್‌ಗೆ. ಆಗ್ಲೇ ವಾಪಸ್ ಕೊಟ್ರು."

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಅವ್ರ ಹೆಸ್ರು ಹೇಗೆ ಹೇಳೋದು ಆಂಟಿ? ನಂಗೆ ಈ ಊರಲ್ಲಿ ರೂಮ್ ಹುಡುಕಿಕೊಟ್ಟಿದ್ದೇ ಅವ್ರು."

* * *

ಹರಿಪ್ರಸಾದ ವೇದಿಕೆಯ ಹಿಂದೆ ವೈರು ಸುತ್ತುತ್ತಿದ್ದ. ವೈದೇಹಿ ಅವನ ಮುಂದೆ ಪಾಟನ್ನೂ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟರು.

"ನೋಡಿ ಹರಿ. ಜರ್ಮನ್ನರು ಪಾಟಿಗೆ ಕಾಂಡಿಸ್ ಹಾಕಲ್ಲ. ಲಾವಣ್ಯಾ ನನ್ನ ಡಬ್ಬಿಗಳನ್ನ ವಾಪಸ್ಸೇ ಕೊಡೋವಳಲ್ಲ, ಇನ್ನು ಸಕ್ಕರೆ ಎಲ್ಲಿಂದ ಬಂತು? ಬೇರೆ ಮನೆ ಪಾತ್ರೆ ಖಾಲಿ ಕಳಿಸಬಾರದು ಅಂತ ಚಿಟಿಕೆ ಸಕ್ಕರೆನಾದ್ರೂ ಹಾಕೋರು ನಮ್ಮಮ್ಮಂದಿರು. ನೀವು ಒಳಗೆ ನೋಡ್ಲೇ ಇಲ್ಲ, ಅಲ್ವಾ?"

ಅವನು ವೈರು ಕೆಳಗಿಟ್ಟ. ಕುರ್ಚಿಯ ಮೇಲೆ ಕುಸಿದ.

"ಅಮ್ಮಂಗೆ ಫೋನಲ್ಲಿ ಹೇಳ್ಬಿಟ್ಟಿದ್ದೆ, ಈ ವರ್ಷದ ಪ್ರಶಸ್ತಿ ನಂಗೇ ಅಂತ. ಅವ್ರು ಬಂದಾಗಿಂದ ಎಲ್ಲಿ ತೋರ್ಸು, ಎಲ್ಲಿ ತೋರ್ಸು ಅಂತ ಒಂದೇ ಸಮ. ಒಂದಿನ ಮನೇಲಿಟ್ಟು ತಂದಿಡೋಣ ಅಂದ್ಕೊಂಡೆ. ಅವ್ರು ದೇವ್ರ ಮುಂದೆ ಇಟ್ಟು ಕೈ ಮುಗಿದ್ರು, ಡಾಕ್ಟ್ರೇ. ಇವತ್ತು ಮತ್ತೆ ಕೀ ಇಸ್ಕೊಂಡು ಇಟ್ಬಿಡೋಣ ಅಂತ ಬರೋಷ್ಟರಲ್ಲಿ ಕಪಾಟು ತೆಗೆದಾಗಿತ್ತು, ಅದಕ್ಕೇ ಹಿಂಬಾಗಿಲಿಗೆ ನೇತುಹಾಕಿದೆ."

"ಆ ಹುಡುಗಿ ಅಳ್ತಾ ನಿಂತಿದ್ದಾಗ ಬಾಯಿಬಿಡಬಹುದಿತ್ತಲ್ಲ?"

"ನಾಚಿಕೆ ಆಯ್ತು."

"ಆಗ್ಲಿ. ಈಗ ಎದ್ದು ಹೋಗಿ ಹೇಳಿ."

ಅವನು ಹೇಳಿದ. ಕ್ರ್ಯೂಗರ್ ಎದುರು, ಲಾವಣ್ಯಾಳ ಎದುರು, ಒಂದನ್ನೂ ಮುಚ್ಚಿಡದೆ. ವೈದೇಹಿ ಸಕ್ಕರೆಯ ಸಂಗತಿ ಬಿಡಿಸಿ ಹೇಳಿದಾಗ ಫ್ರೌ ಯಾನ್ಸೆನ್ ಮೊದಲು ನಕ್ಕಳು. ಕ್ರ್ಯೂಗರ್ ಗಡ್ಡ ಕೆರೆದುಕೊಂಡು ಲಾವಣ್ಯಾಳ ಮುಂದೆ ನಿಂತು ಕ್ಷಮೆ ಕೇಳಿದರು. ದೂರಿನ ಮಾತು ಅಲ್ಲಿಗೇ ಮುಗಿಯಿತು. "ಇನ್ನು ಮುಂದೆ ಅವನು ಕೇಳಿದರೆ ಬೀಗದಕೈ ಕೊಡಕೂಡದು," ಎಂದದ್ದಷ್ಟೇ.

"ಅಂಕಲ್, ನಂಗೊಂದು ಮಾತು ಹೇಳಿದ್ರೆ ನಾನೇ ಫೋಟೋ ತೆಗೆದುಕೊಡ್ತಿದ್ದೆ," ಎಂದಳು ಲಾವಣ್ಯಾ. ಕೋಪ ಇನ್ನೂ ಇಳಿದಿರಲಿಲ್ಲ. ಆದರೂ ಅವನಿಗೊಂದು ಲೋಟ ನೀರು ತಂದುಕೊಟ್ಟಳು.

* * *

ಸಂಜೆ ಸಭಾಂಗಣ ತುಂಬಿತ್ತು. ಮುನಿಲಕ್ಷ್ಮಮ್ಮ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ವೈದೇಹಿಯ ಪಕ್ಕ ಮುಂದಿನ ಸಾಲಿನಲ್ಲಿ ಕೂತರು. ಮೂಲೆಯಲ್ಲಿ ಮೈಕಿನ ಪೆಟ್ಟಿಗೆಯ ಹಿಂದೆ ಹರಿಪ್ರಸಾದ ತಲೆ ತಗ್ಗಿಸಿದ್ದ. ತಾಯಿಗೆ ಹೇಳುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ.

ಲೀಡ್ಸ್‌ನ ನಿರ್ಮಾಪಕಿ ಟೀಪಾಟ್ ಎತ್ತಿಹಿಡಿದಳು. ಪಾಟ್ ಕಟಕಟ ಎಂದಿತು. ವೈದೇಹಿ ಪಕ್ಕಕ್ಕೆ ಹೊರಳಿದರು. ಈ ಮುದುಕಿಗೆ ಈಗ ಏನು ಹೇಳುವುದು?

ಮುನಿಲಕ್ಷ್ಮಮ್ಮನೇ ಹತ್ತಿರ ಬಾಗಿದರು. "ಸಕ್ಕರೆ ಒಳಗೇ ಐತಲ್ವಾ?"

"ಇದೆ ಅಮ್ಮ."

"ಇರ್ಲಿ. ಅವ್ರ ವಸ್ತು, ಬರಿದು ಹೋಗಬಾರ್ದು."

ವೈದೇಹಿ ಅವರ ಮುಖ ನೋಡಿದರು. "ನಿಮಗೆ ಗೊತ್ತಿತ್ತಾ?"

"ಇಂಗ್ಲಿಷ್ ಮಾತು ಬರಾಕಿಲ್ಲ, ಅಕ್ಷರಾನೂ ಬರಾಕಿಲ್ವಾ ತಾಯಿ? ಪಾಟಿನ ಸುತ್ತ ಇಂಗ್ಲಿಷ್‌ನಾಗೆ ಅಷ್ಟೊಂದು ಹೆಸ್ರು ಕೆತ್ತವ್ರೆ. ನನ್ನ ಮಗಂದು ಒಂದೂ ಇಲ್ಲ. ನಮ್ಮನೇದಾಗಿದ್ರೆ ಸಕ್ಕರೆ ಯಾಕೆ ಹಾಕ್ತಿದ್ದೆ?"

ನಿರ್ಮಾಪಕಿ ಮಾತಾಡತೊಡಗಿದಳು. ಒಂದೊಂದು ಮಾತೂ ಹಿಂದಿನ ಸಾಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮುನಿಲಕ್ಷ್ಮಮ್ಮನಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ತಲೆದೂಗುತ್ತ ಕೇಳಿದರು.

"ಮೈಕು ಎಷ್ಟು ಚೆನ್ನಾಗಿ ಕೇಳ್ತೈತೆ ನೋಡಿ," ಎಂದರು. "ಅದು ಮಾತ್ರ ನನ್ನ ಮಗಂದೇ ಅಲ್ವಾ?"